ನಾಲ್ಕನೇ ಕಂಪ್ಯೂಟರಿನ ಹೊದಿಕೆ

"ಅಯ್ಯೋ! ಏನ್ ಮಾಡ್ತಿದ್ದೀರಿ ನೀವು?!"

ಪಾಠ ಹೇಳುತ್ತಿದ್ದ ಅವಳ ಕೂಗಿಗೆ ಗ್ರಂಥಾಲಯದ ಹಿಂದಿನ ಕೋಣೆ ಪೂರ್ತಿ ಬೆಚ್ಚಿಬಿತ್ತು. ಆರು ಕಂಪ್ಯೂಟರುಗಳ ಮುಂದೆ ಕೂತಿದ್ದ ಹಿರಿಯರೆಲ್ಲ ತಪ್ಪು ತಮ್ಮದೇ ಇರಬೇಕೆಂದುಕೊಂಡು ಕೀಬೋರ್ಡಿನಿಂದ ಕೈ ತೆಗೆದರು.

ನಾಲ್ಕನೇ ಕಂಪ್ಯೂಟರಿನ ಪರದೆ ಮೇಜಿನ ಅಂಚಿಗೆ ವಾಲಿತ್ತು. ಈ ಕಡೆಯಿಂದ ಅವಳು ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಳು. ಆ ಕಡೆಯಿಂದ, ಅದರ ಮುಂದೆ ಕೂತಿದ್ದ ಹಿರಿಯರೊಬ್ಬರ ಎರಡು ಕೈಗಳು ಹಿಡಿದಿದ್ದವು. ಇಬ್ಬರ ಕನ್ನಡಕಗಳೂ ಮೂಗಿನ ತುದಿಗೆ ಜಾರಿದ್ದವು.

"ಕ್ಷಮಿಸಿ ಮೇಡಂ... ಸಾಲು ಮುಗೀತು. ಕೈ ತಾನಾಗೇ ಹೋಯ್ತು."

"ಸಾಲು ಮುಗಿದ್ರೆ ಕಂಪ್ಯೂಟರಿಗೆ ಹೊಡೀತಾರಾ?"

"ಟೈಪ್‌ರೈಟರಲ್ಲಿ ಹಾಗೇ ಮೇಡಂ. ಸಾಲು ಮುಗಿಯೋ ಹೊತ್ತಿಗೆ ಗಂಟೆ ಹೊಡೆಯುತ್ತೆ. ಮುಂದಿನ ಸಾಲಿಗೆ ಹೋಗೋಕೆ ಎಡಗೈಯಲ್ಲಿ ಹಿಡಿ ತಳ್ಳಬೇಕು." ಅವರು ತಮ್ಮ ಎಡಗೈಯನ್ನು ತಾವೇ ಬೇಸರದಿಂದ ನೋಡಿಕೊಂಡರು. "ಮೂವತ್ತೆರಡು ವರ್ಷ ತಳ್ಳಿದ ಕೈ ಇದು. ಗಂಟೆ ಹೊಡೀದಿದ್ರೂ ಹೋಗುತ್ತೆ."

ಬಯ್ಯಬೇಕೆಂದಿದ್ದ ಅವಳ ಸಿಟ್ಟು ಯಾಕೋ ಇಳಿದುಹೋಯಿತು. ಆ ದನಿಯಲ್ಲಿ ನೆಪವಿರಲಿಲ್ಲ, ನಾಚಿಕೆಯಿತ್ತು. ಅರವತ್ತರ ಹತ್ತಿರದ ಗಂಡಸೊಬ್ಬ ಹೀಗೆ ಎಲ್ಲರೆದುರು ತಪ್ಪೊಪ್ಪಿಕೊಂಡಿದ್ದನ್ನು ಅವಳು ನೋಡಿ ಎಷ್ಟು ಕಾಲವಾಗಿತ್ತೋ!

"ಇನ್ಮೇಲೆ ಆ ಕೈಗೆ ನೀವೇ ಬುದ್ಧಿ ಹೇಳಿ," ಎಂದಷ್ಟೇ ಹೇಳಿ, ಪರದೆಯನ್ನು ಸರಿಯಾಗಿ ಕೂರಿಸಿ, ಮುಂದಿನ ಮೇಜಿಗೆ ಹೋದಳು. ಅವಳ ಎದೆ ಮಾತ್ರ ಇನ್ನೂ ಡವಗುಟ್ಟುತ್ತಿತ್ತು. ಪರದೆ ಬೀಳುತ್ತಿತ್ತಲ್ಲ, ಅದಕ್ಕೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಾವೂ ಸದ್ಯಕ್ಕೆ ಅದನ್ನೇ ನಂಬೋಣ.

ಅವಳಿಗೆ ಐವತ್ತೊಂದು. ಈ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷದ ಕೆಲಸ. ಸೋಮವಾರ, ಬುಧವಾರ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹಿರಿಯರಿಗೆ ಕಂಪ್ಯೂಟರ್ ಪಾಠ. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಅಮ್ಮ ಹಾಸಿಗೆ ಹಿಡಿದಿದ್ದ ಹನ್ನೊಂದು ವರ್ಷ ಅವಳೇ ನೋಡಿಕೊಂಡಳು. ಅಮ್ಮ ಹೋದ ಮೇಲೆ ಮನೆಯಲ್ಲಿ ಅವಳು ಮತ್ತು ಒಂದು ಹೊಲಿಗೆ ಮಿಷನ್, ಅಷ್ಟೇ.

ಕೋಣೆಯ ಗೋಡೆಯ ಮೇಲೆ ಅವಳ ದುಂಡು ಅಕ್ಷರದಲ್ಲಿ ಬರೆದ ಹಾಳೆಯೊಂದಿತ್ತು.

ಒಂದು ಸಲ ಒತ್ತಿ, ಕಾಯಿರಿ.
ಬರೆದದ್ದನ್ನು ಉಳಿಸಿ.
ಗೊತ್ತಾಗದಿದ್ದರೆ ಕೇಳಿ, ನಾಚಿಕೆ ಬೇಡ.

"ಮೂರೇ ಮೂರು ಮಾತು," ಎನ್ನುತ್ತಿದ್ದಳು. "ಇಷ್ಟು ನೆನಪಿಟ್ಟುಕೊಂಡ್ರೆ ಯಾವ ಕಂಪ್ಯೂಟರೂ ನಿಮ್ಮನ್ನ ಹೆದರಿಸಲ್ಲ."

ಎಡಗೈ ಬೀಸಿದ ಆ ಹಿರಿಯರು ಟೈಪಿಂಗ್ ಮೇಷ್ಟ್ರು. ಒಂದು ಕಾಲಕ್ಕೆ ಅವರ ತರಬೇತಿ ಶಾಲೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಇಪ್ಪತ್ತು ಯಂತ್ರಗಳು ಕಟಕಟ ಎನ್ನುತ್ತಿದ್ದವು. ಆಮೇಲೆ ಕಲಿಯುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಕೊನೆಯ ಯಂತ್ರವನ್ನು ಗುಜರಿಯವನ ಗಾಡಿಗೆ ಎತ್ತಿಟ್ಟ ದಿನ ಅವರಿಗೆ ಊಟ ಸೇರಿರಲಿಲ್ಲ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ.

"ಕೈಗೆ ಕೆಲಸ ಇಲ್ಲದೆ ಇರೋಕಾಗಲ್ಲ ಮೇಡಂ, ಅದಕ್ಕೇ ಬಂದೆ," ಎಂದಿದ್ದರು ಒಂದು ದಿನ.

ಕೀಲಿಗಳನ್ನು ನೋಡದೆಯೇ ಅವರು ಅವಳಿಗಿಂತ ವೇಗವಾಗಿ ಟೈಪ್ ಮಾಡುತ್ತಿದ್ದರು. ಆದರೆ ಮೌಸ್ ಕಂಡರೆ ಆಗದು! ಅದನ್ನು ಗಾಳಿಯಲ್ಲಿ ಎತ್ತಿ ಪರದೆಯ ಕಡೆ ತೋರಿಸುತ್ತಿದ್ದರು. ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತುತ್ತಿದ್ದರು.

"ಬೇಡ ಮೇಷ್ಟ್ರೇ. ಜಾಗ ಮುಗಿದ್ರೆ ಅದೇ ಕೆಳಗಿನ ಸಾಲಿಗೆ ಹೋಗುತ್ತೆ."

"ಅದೇ ಹೋಗುತ್ತಾ? ನಾವು ಹೇಳದೇನೇ?" ಅವರಿಗೆ ನಂಬಿಕೆಯೇ ಬರಲಿಲ್ಲ. ಮುಂದಿನ ಸಾಲಿಗೆ ಮತ್ತೆ ಎಂಟರ್!

ಪಕ್ಕದ ಮೂರನೇ ಕಂಪ್ಯೂಟರಿನ ನರ್ಸಮ್ಮ ನಕ್ಕುಬಿಡುತ್ತಿದ್ದರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಗದರಿಸಿ ರೂಢಿಯಾದ ದೊಡ್ಡ ಗಂಟಲು ಅವರದು. "ಮೇಷ್ಟ್ರಿಗೆ ಕಲಿಸೋದಕ್ಕಿಂತ ಮಗುಗೆ ಔಷಧಿ ಕುಡಿಸೋದು ಸುಲಭ ಮೇಡಂ!"

ಮೇಷ್ಟ್ರು ಹತ್ತೂವರೆಗೇ ಬರತೊಡಗಿದರು. ಕಂಪ್ಯೂಟರುಗಳ ಮೇಲಿನ ಬಟ್ಟೆಯ ಹೊದಿಕೆಗಳನ್ನು ಅವಳು ತೆಗೆದರೆ ಅವರು ಮಡಚಿಡುತ್ತಿದ್ದರು. ಅಂಚಿಗೆ ಅಂಚು ಕೂಡಿಸಿ, ಸುಕ್ಕಿಲ್ಲದೆ. ನಾಲ್ಕನೆಯದು ಹಳೆಯದು, ಹರಿದದ್ದು. ಅದರ ಧೂಳಿಗೆ ದಿನಾ ಎರಡು ಸೀನು ಖಚಿತ. ಹೋಗುವಾಗ ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲೆಯೇ ಮರೆಯುವುದೂ ಅಷ್ಟೇ ಖಚಿತ. ಅವಳು ಅದನ್ನು ಎತ್ತಿಟ್ಟುಕೊಂಡು ಮುಂದಿನ ಪಾಠದ ದಿನ ಕೊಡುತ್ತಿದ್ದಳು.

ಆ ಅರ್ಧ ಗಂಟೆಗಾಗಿ ಅವಳು ವಾರವಿಡೀ ಕಾಯತೊಡಗಿದ್ದಳು... ಅದು ಅವಳಿಗೆ ಗೊತ್ತಾದದ್ದು ತಡವಾಗಿ.

*ಈ ವಯಸ್ಸಲ್ಲಿ ಇದೇನು ನನಗೆ? ಯಾರಾದ್ರೂ ನೋಡಿದ್ರೆ ನಗಲ್ವಾ?*

ಅವಳಿಗೆ ಇಪ್ಪತ್ತಾರಿದ್ದಾಗ ಒಬ್ಬ ಹೇಳಿದ್ದ, "ಸೋಮವಾರ ಅಮ್ಮನ ಜೊತೆ ನಿಮ್ಮನೆಗೆ ಬರ್ತೀನಿ, ಮಾತಾಡೋಣ." ಆ ಸೋಮವಾರ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಅವನು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಅವಳು ಕೇಳಲಿಲ್ಲ. ಇನ್ನು ಯಾರನ್ನೂ ಯಾಕೆಂದು ಕೇಳುವುದಿಲ್ಲ ಎಂದು ಅಂದೇ ಹಲ್ಲು ಕಚ್ಚಿ ತೀರ್ಮಾನಿಸಿದ್ದಳು.

ಒಂದು ಬುಧವಾರ ಅವಳು ಪ್ರಿಂಟ್ ತೆಗೆಯುವುದನ್ನು ಹೇಳಿಕೊಟ್ಟಳು.

"ಇಲ್ಲಿ ಒತ್ತಿದ್ರೆ ಗೋಡೆ ಆಚೆ ನನ್ನ ರೂಮಲ್ಲಿರೋ ಪ್ರಿಂಟರಲ್ಲಿ ಕಾಗದ ಬೀಳುತ್ತೆ."

ಮೇಷ್ಟ್ರು ಬಹಳ ಗಮನವಿಟ್ಟು ಕೇಳಿದರು. "ಅಂದ್ರೆ... ಇಲ್ಲಿ ಕೂತು ಒತ್ತಿದ್ರೆ, ಅಲ್ಲಿ ನಿಮ್ಮ ಕೈಗೇ ಸಿಗುತ್ತೆ?"

"ಹೌದು, ನನ್ನ ಕೈಗೇ."

ಶನಿವಾರ ಅಭ್ಯಾಸದ ದಿನ. ಅಂದು ಬೆಳಿಗ್ಗೆಯೇ ಪ್ರಿಂಟರಿನ ಉರುಳೆ ಸವೆದು ಕಾಗದ ಸಿಕ್ಕಿಕೊಂಡಿತ್ತು. ರಿಪೇರಿಯವನು ಬಂದು ಉರುಳೆ ಬಿಚ್ಚಿಕೊಂಡು ಹೋಗಿದ್ದ. ಈ ವಿಷಯ ಕ್ಲಾಸಿನಲ್ಲಿ ಹೇಳಬೇಕಿತ್ತು, ಮರೆತಳು. ಒಂದು ಸಣ್ಣ ಮರೆವು! ಅದಕ್ಕೆ ಎರಡು ಜೀವಗಳು ಎಷ್ಟು ಬೆಲೆ ತೆರಬೇಕಾಯಿತೆಂದು ಮುಂದೆ ನೀವೇ ನೋಡುತ್ತೀರಿ.

ಅಂದು ಮೇಷ್ಟ್ರು ಪರದೆಯಿಂದ ಕಣ್ಣೆತ್ತಲಿಲ್ಲ. ಒಂದು ಗಂಟೆ ಟೈಪ್ ಮಾಡಿದರು, ಅಳಿಸಿದರು, ಮತ್ತೆ ಟೈಪ್ ಮಾಡಿದರು. ಅವಳು ಹತ್ತಿರ ಬಂದಾಗ ಪರದೆಗೆ ಅಡ್ಡವಾಗಿ ಬಾಗಿದರು. ಹೊರಡುವಾಗ, ಅಪರೂಪಕ್ಕೆ ಕನ್ನಡಕದ ಡಬ್ಬಿಯನ್ನು ಮರೆಯದೆ ಕಿಸೆಗಿಟ್ಟುಕೊಂಡು, ಬಾಗಿಲ ಬಳಿ ನಿಂತರು. ಅವರ ಕಿವಿಗಳು ಕೆಂಪಾಗಿದ್ದವು.

"ಮೇಡಂ... ಸೋಮವಾರ ಬರ್ತೀನಿ. ಅಷ್ಟರಲ್ಲಿ... ನಾನು ಬರೆದಿದ್ದು ನೋಡಿ."

ಅಭ್ಯಾಸದ ಹಾಳೆ ಇರಬೇಕು ಎಂದುಕೊಂಡಳು ಅವಳು. "ಆಯ್ತು ಮೇಷ್ಟ್ರೇ, ನೋಡ್ತೀನಿ."

ಅವರ ಮುಖ ಒಮ್ಮೆಲೇ ಅರಳಿತು. ಇಷ್ಟಕ್ಕೆ ಇಷ್ಟೊಂದು ಖುಷಿಯೇ ಎಂದು ಅವಳಿಗೆ ಆಶ್ಚರ್ಯ. ಆಮೇಲೆ ನಾಲ್ಕನೇ ಕಂಪ್ಯೂಟರಿನಲ್ಲಿ ಹುಡುಕಿದಳು. ಏನೂ ಉಳಿಸಿರಲಿಲ್ಲ. *ಎರಡನೇ ಮಾತು ಮರೆತೇಬಿಟ್ರು!* ಎಂದು ನಕ್ಕು, ಕಂಪ್ಯೂಟರ್ ಆರಿಸಿದಳು.

ಭಾನುವಾರ ಅವಳು ಹೊಲಿಗೆ ಮಿಷನ್ ತೆಗೆದಳು. ಅಲಮಾರಿಯಲ್ಲಿ ವರ್ಷಗಳಿಂದ ಇದ್ದ ನೀಲಿ ಬಟ್ಟೆಯನ್ನು ಹರಡಿದಳು. ನಾಲ್ಕನೇ ಕಂಪ್ಯೂಟರಿಗೆ ಹೊಸ ಹೊದಿಕೆ. ಬಲಬದಿಗೆ ಒಂದು ಪುಟ್ಟ ಜೇಬು, ಕನ್ನಡಕದ ಡಬ್ಬಿ ಇಡಲು. ಅಳತೆ ಕೇಳಬೇಕಾಗಿರಲಿಲ್ಲ, ಆ ಡಬ್ಬಿ ಎಷ್ಟೋ ರಾತ್ರಿ ಅವಳ ಮನೆಯ ಮೇಜಿನ ಮೇಲೇ ಕಳೆದಿತ್ತು. ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಆ ಜೇಬಿಗೆ ಹೊಲಿದಳು.

ಸೋಮವಾರ ಐದು ಕಂಪ್ಯೂಟರುಗಳ ಹೊದಿಕೆ ತೆಗೆದು ಮಡಚಿದಳು. ನಾಲ್ಕನೆಯದಕ್ಕೆ ಮಾತ್ರ ನೀಲಿ ಹೊದಿಕೆ ಹೊದಿಸಿ, ಮೂಲೆಗಳನ್ನು ಎಳೆದು ಸರಿಮಾಡಿದಳು. ಅವರೇ ಬಂದು ತೆಗೆಯಲಿ... ಜೇಬು ಕಂಡಾಗ ಅವರ ಮುಖ ಹೇಗಾಗಬಹುದು?

ಹತ್ತೂವರೆಗೆ ಸರಿಯಾಗಿ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ನೀಟಾಗಿ ಬಾಚಿದ ತಲೆ. ಅವರ ಕಣ್ಣು ನೇರವಾಗಿ ನಾಲ್ಕನೇ ಮೇಜಿಗೆ ಹೋಯಿತು. ಅಲ್ಲೇ ನಿಂತಿತು.

ಅವಳು ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. *ಬನ್ನಿ... ತೆಗೀರಿ...*

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ನೋಡಿದರು. ಒಳಗೆ ಹೆಜ್ಜೆ ಇಡಲಿಲ್ಲ. ಅವಳಿಗೆ ಸಣ್ಣಗೆ ತಲೆಬಾಗಿಸಿ, ಹಿಂದೆ ತಿರುಗಿ, ನಡೆದುಬಿಟ್ಟರು!

"ಮೇಷ್ಟ್ರೇ..."

ಅಷ್ಟು ಮೆಲ್ಲಗಿನ ಕರೆ ಬಾಗಿಲನ್ನೂ ದಾಟಲಿಲ್ಲ. ಕಾರಿಡಾರಿನಲ್ಲಿ ಚಪ್ಪಲಿ ಸದ್ದು ದೂರವಾಯಿತು.

ಬುಧವಾರ ಅವರು ಬರಲಿಲ್ಲ. ಶನಿವಾರವೂ ಇಲ್ಲ. ಮುಂದಿನ ಸೋಮವಾರವೂ ಇಲ್ಲ.

*ನಾನು ಮಿತಿ ಮೀರಿದೆ. ಹೊಸ ಹೊದಿಕೆ ನೋಡಿದ ತಕ್ಷಣ ಅವರಿಗೆ ಅರ್ಥವಾಗಿರಬೇಕು. ಹೆಂಗಸಿನ ಹುಚ್ಚು ಅಂತ ಹೇಸಿಕೊಂಡು ಹೋದ್ರು...* ನೆನೆದಾಗಲೆಲ್ಲ ಅವಳ ಮುಖ ಸುಡುತ್ತಿತ್ತು. ನೋಂದಣಿ ಪುಸ್ತಕದಲ್ಲಿ ಅವರ ಫೋನ್ ನಂಬರಿತ್ತು. ಒಮ್ಮೆ ಅರ್ಧ ನಂಬರ್ ಒತ್ತಿ, ಫೋನನ್ನು ಕವುಚಿ ಇಟ್ಟಳು. ಯಾಕೆ ಬರಲಿಲ್ಲವೆಂದು ಅವಳು ಯಾರನ್ನೂ ಕೇಳುವುದಿಲ್ಲವಲ್ಲ!

ನಾಲ್ಕನೇ ಕಂಪ್ಯೂಟರಿನ ಮುಂದೆ ಯಾರನ್ನೂ ಕೂರಿಸಲಿಲ್ಲ. "ಅದು ಕೆಟ್ಟಿದೆ," ಎಂದು ಸುಳ್ಳು ಹೇಳಿದಳು. ನೀಲಿ ಹೊದಿಕೆ ಹಾಗೇ ಇತ್ತು. ಪಾಠ ಮಾಡುವಾಗ ಅವಳ ದನಿ ಸಪ್ಪೆಯಾಗಿತ್ತು. ನರ್ಸಮ್ಮ ಎರಡು ಸಲ ಅವಳ ನಾಡಿ ಹಿಡಿದು ನೋಡಿದರು.

"ಜ್ವರ ಇಲ್ಲ. ಆದ್ರೂ ಏನೋ ಇದೆ," ಎಂದರು.

ಮೂರು ವಾರ ಕಳೆದವು. ಒಂದು ಮಂಗಳವಾರ ರಿಪೇರಿಯವನು ಹೊಸ ಉರುಳೆ ಹಾಕಿ ಪ್ರಿಂಟರ್ ಸರಿಮಾಡಿ ಹೋದ.

ಮರುದಿನ ನರ್ಸಮ್ಮ ತಮ್ಮ ಓರಗಿತ್ತಿಯ ಕೈಹಿಡಿದುಕೊಂಡೇ ಬಂದರು. ಎಪ್ಪತ್ತು ದಾಟಿದ, ಮೆಲುಮಾತಿನ ಹೆಂಗಸು.

"ಮೇಡಂ, ಇವಳಿಗೂ ಕಲೀಬೇಕಂತೆ. ನಾಲ್ಕನೇದು ಖಾಲಿ ಇದೆಯಲ್ಲ, ಕೊಡಿ."

"ಅದು ಕೆಟ್ಟಿದೆ ನರ್ಸಮ್ಮ..."

"ಕೆಟ್ಟಿರೋದು ಕಂಪ್ಯೂಟರೋ, ನೀವೋ?" ನರ್ಸಮ್ಮನ ದೊಡ್ಡ ಗಂಟಲು ಅಂದು ಮೊದಲ ಬಾರಿಗೆ ತಗ್ಗಿತು. "ಮೇಷ್ಟ್ರು ಇನ್ನು ಬರಲ್ಲಮ್ಮ, ನಿನ್ನೆ ಬೀದೀಲಿ ಸಿಕ್ಕಿದ್ರು. ಇಲ್ಲಿ ತಮ್ಮವರು ಅಂತ ಯಾರಿದ್ದಾರೆ, ಅಕ್ಕನ ಊರಿಗೆ ಹೋಗ್ತೀನಿ ಅಂದ್ರು. ಇವತ್ತು ಮಧ್ಯಾಹ್ನ ಸಾಮಾನು ಸಾಗಿಸೋ ಗಾಡಿ ಬರುತ್ತಂತೆ. ಯಾರಿಗೋಸ್ಕರ ಜಾಗ ಹಿಡಿದಿಟ್ಟಿದ್ದೀರಿ?"

ಅವಳು ಗಡಿಯಾರ ನೋಡಿದಳು. ಇಂದೇ! ಆದರೂ ತುಟಿ ಬಿಗಿದಳು. ಹೋಗುವವರು ಹೋಗಲಿ. ನೀಲಿ ಹೊದಿಕೆಯನ್ನು ಎಳೆದು ತೆಗೆದು, ನಾಲ್ಕನೇ ಕಂಪ್ಯೂಟರಿನ ಗುಂಡಿ ಒತ್ತಿದಳು. ಪರದೆ ಬೆಳಗಿತು. ಓರಗಿತ್ತಿಯವರು ಮೌಸನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡರು.

ಅಷ್ಟರಲ್ಲಿ ಗೋಡೆಯಾಚೆ ಸದ್ದಾಯಿತು. ಸರ್... ಸರ್... ಸರ್...

"ಪ್ರಿಂಟ್ ಯಾರು ಒತ್ತಿದ್ರಿ?"

"ನಾನಲ್ಲ!" "ನಾನೂ ಅಲ್ಲ!"

"ನಾನು ಏನೂ ಮುಟ್ಟಿಲ್ಲ ತಾಯಿ," ಎಂದರು ಓರಗಿತ್ತಿಯವರು, ಅಳುವುದೊಂದು ಬಾಕಿ.

ಅವಳು ತನ್ನ ಕೋಣೆಗೆ ಓಡಿದಳು. ಪ್ರಿಂಟರ್ ಒಂದರ ಹಿಂದೊಂದು ಹಾಳೆ ಉಗುಳುತ್ತಿತ್ತು. ಮೊದಲನೆಯದನ್ನು ಎತ್ತಿಕೊಂಡಳು. ಚಿಕ್ಕ ಚಿಕ್ಕ ಸಾಲುಗಳು. ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತಿದ್ದರು. ಇನ್ನೇನು ಬೇಕಿತ್ತು ಗುರುತಿಗೆ!

*"ಮೇಡಂ ಅವರಿಗೆ,*
*ಇದನ್ನು ಬಾಯಲ್ಲಿ ಹೇಳಲು*
*ನನಗೆ ಧೈರ್ಯವಿಲ್ಲ. ಟೈಪ್ ಮಾಡಲು ಬರುತ್ತದೆ.*
*ಒಂಬತ್ತು ವರ್ಷದಿಂದ ಬೆಳಿಗ್ಗೆ ಎದ್ದರೆ*
*ಎಲ್ಲಿಗೂ ಹೋಗಬೇಕಾಗಿರಲಿಲ್ಲ.*
*ಈಗ ವಾರಕ್ಕೆ ಮೂರು ದಿನ*
*ಹತ್ತೂವರೆಗೆ ನಿಮ್ಮ ಜೊತೆ*
*ಹೊದಿಕೆ ಮಡಚಲು ಬರುತ್ತೇನೆ.*
*ಉಳಿದ ನಾಲ್ಕು ದಿನವೂ ನಿಮ್ಮ ಜೊತೆ*
*ಕಳೆಯುವ ಆಸೆಯಾಗಿದೆ.*
*ನಿಮಗೆ ಒಪ್ಪಿಗೆಯಿದ್ದರೆ ಸೋಮವಾರ*
*ನಾಲ್ಕನೇ ಕಂಪ್ಯೂಟರಿನ ಹೊದಿಕೆಯನ್ನು*
*ನಾನು ಬರುವ ಮೊದಲೇ ತೆಗೆದಿಡಿ.*
*ಹೊದಿಕೆ ಹಾಗೇ ಇದ್ದರೆ*
*ಬಾಗಿಲಿನಿಂದಲೇ ಹೋಗುತ್ತೇನೆ.*
*ನಿಮಗೆ ಮುಜುಗರವಾಗಬಾರದು.*
*ಆಮೇಲೂ ನಿಮ್ಮ ಮೇಲಿನ ಗೌರವ*
*ಹೀಗೇ ಇರುತ್ತದೆ."*

ಅವಳು ಕುರ್ಚಿಯ ಹಿಡಿ ಹಿಡಿದು ಮೆಲ್ಲಗೆ ಕೂತಳು. ಐದು ಕಂಪ್ಯೂಟರುಗಳ ಹೊದಿಕೆ ತೆಗೆದು, ನಾಲ್ಕನೆಯದಕ್ಕೆ ಮಾತ್ರ ಹೊಸದನ್ನೇ ಹೊದಿಸಿದ್ದಳು. ಮೂಲೆಗಳನ್ನು ಬೇರೆ ಎಳೆದು ಸರಿಮಾಡಿದ್ದಳು! ಆ ಬಿಳಿ ಶರ್ಟು, ಒರೆಸಿಕೊಂಡ ಕನ್ನಡಕ, ತಲೆಬಾಗಿಸಿ ಹೋದದ್ದು... ದೇವರೇ, ಅಂದು ಬಾಗಿಲಲ್ಲಿ ಅವರಿಗೆ ಎಷ್ಟು ನೋವಾಗಿರಬೇಕು!

ಅವಳ ಕಣ್ಣೀರು ಹಾಳೆಯ ಮೇಲೆ ಬಿತ್ತು. ಪ್ರಿಂಟರ್ ಮಾತ್ರ ಅದೇ ಪತ್ರವನ್ನು ಮತ್ತೆ ಮತ್ತೆ ಕೊಡುತ್ತಲೇ ಇತ್ತು. ಹನ್ನೊಂದು ಪ್ರತಿ.

"ಏನಮ್ಮಾ ಅದು?" ನರ್ಸಮ್ಮ ಬಾಗಿಲಲ್ಲಿ ಇಣುಕಿದರು. ಅವಳ ಮುಖ ನೋಡಿದರು, ಎದೆಗೊತ್ತಿಕೊಂಡ ಹಾಳೆಗಳನ್ನು ನೋಡಿದರು. ಮೂವತ್ತು ವರ್ಷ ರೋಗಿಗಳನ್ನು ನೋಡಿದ ಕಣ್ಣಿಗೆ ಓದಿ ಹೇಳಬೇಕಾಗಿರಲಿಲ್ಲ. "ಗಾಡಿ ಹನ್ನೆರಡಕ್ಕೆ ಬರುತ್ತೆ. ಈಗ ಹನ್ನೊಂದೂ ಕಾಲು. ಕ್ಲಾಸ್ ನಾನು ನೋಡ್ಕೋತೀನಿ. ಹೋಗಿ!"

"ಪಾಠ..."

"ಒಂದು ಸಲ ಒತ್ತಿ, ಕಾಯಿರಿ. ಅಷ್ಟೇ ತಾನೇ? ಹೋಗೀಂದ್ರೆ!"

ಅವಳು ನೀಲಿ ಹೊದಿಕೆಯನ್ನು ಎತ್ತಿಕೊಂಡು ಬೀದಿಗಿಳಿದಳು. ಎರಡು ಬೀದಿ ಆಚೆ, ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮನೆ. ನೋಂದಣಿ ಪುಸ್ತಕದಲ್ಲಿ ಆ ವಿಳಾಸವನ್ನು ಎಷ್ಟು ಸಲ ಓದಿದ್ದಳೆಂದು ಅವಳೇ ಹೇಳಲಾರಳು. ಇಪ್ಪತ್ತೈದು ವರ್ಷದಿಂದ ಯಾರ ಹಿಂದೆಯೂ ಹೋಗದ ಹೆಂಗಸು ಅಂದು ದಾರಿಯಲ್ಲಿ ಎದುರಾದವರಿಗೆ ಡಿಕ್ಕಿ ಹೊಡೆಯುತ್ತ ನಡೆದಳು.

ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿತು. ಬಾಗಿಲು ತೆರೆದೇ ಇತ್ತು. ಬೋಳು ಗೋಡೆಗಳು, ಹಗ್ಗ ಬಿಗಿದ ನಾಲ್ಕು ರಟ್ಟಿನ ಪೆಟ್ಟಿಗೆಗಳು. ಮೇಷ್ಟ್ರು ಐದನೆಯದಕ್ಕೆ ಗಂಟು ಹಾಕುತ್ತಿದ್ದರು. ಮೂರೇ ವಾರದಲ್ಲಿ ಬಡವಾಗಿದ್ದರು.

ತಲೆ ಎತ್ತಿದವರು ಹಾಗೇ ನಿಂತುಬಿಟ್ಟರು. "ಮೇಡಂ...?"

ಅವಳು ಒಳಗೆ ಬಂದಳು. ಹೊದಿಕೆಯನ್ನು ಅವರ ಕೈಯಲ್ಲಿಟ್ಟಳು.

"ಇದು..."

"ನಾಲ್ಕನೇ ಕಂಪ್ಯೂಟರಿನದು." ಅವಳು ಉಸಿರೆಳೆದುಕೊಂಡಳು. "ತೆಗೆದಿದ್ದೀನಿ."

ಮೇಷ್ಟ್ರ ಕೈ ಬಟ್ಟೆಯ ಮೇಲೆ ಬಿಗಿಯಾಯಿತು. "ಮೂರು ವಾರ ಆಯ್ತು ಮೇಡಂ. ನೀವು ಕನಿಕರದಿಂದ ಬಂದಿದ್ದರೆ, ದಯವಿಟ್ಟು ಬೇಡ. ನಾನು ಹೊರಟಾಗಿದೆ."

"ನಿಮ್ಮ ಕಾಗದ ನನ್ನ ಕೈಗೆ ಬಂದು ಇನ್ನೂ ಅರ್ಧ ಗಂಟೆ ಆಗಿಲ್ಲ ಮೇಷ್ಟ್ರೇ! ಅವತ್ತು ಪ್ರಿಂಟರ್ ಕೆಟ್ಟಿತ್ತು. ಕ್ಲಾಸಲ್ಲಿ ಹೇಳೋಕೆ ಮರೆತೆ. ನೀವು ಒತ್ತಿದ್ದು ನಾಲ್ಕನೇ ಕಂಪ್ಯೂಟರಲ್ಲೇ ಕಾಯ್ತಾ ಕೂತಿತ್ತು, ಇವತ್ತು ಅದನ್ನ ಆನ್ ಮಾಡಿದ ಮೇಲೇ ಹೊರಗೆ ಬಂದಿದ್ದು."

"ಮತ್ತೆ ಆ ಸೋಮವಾರ... ಎಲ್ಲದರದ್ದೂ ತೆಗೆದು ನಂದೊಂದೇ ಮುಚ್ಚಿದ್ರಲ್ಲ..."

"ಜೇಬು ನೋಡಿ."

ಮೇಷ್ಟ್ರು ಬಟ್ಟೆಯನ್ನು ತಿರುವಿದರು. ಬಲಬದಿಯ ಪುಟ್ಟ ಜೇಬು ಬೆರಳಿಗೆ ತಾಗಿತು. ಏನೋ ಹೊಳೆದಂತಾಗಿ, ಅಂಗಿಯ ಕಿಸೆಯಿಂದ ಕನ್ನಡಕದ ಡಬ್ಬಿ ತೆಗೆದು ಅದರೊಳಗೆ ಇಳಿಸಿದರು. ಸರಿಯಾಗಿ ಕೂತಿತು.

"ನಿಮಗೋಸ್ಕರ ಹೊಲಿದಿದ್ದು. ನೀವೇ ಬಂದು ತೆಗೀಲಿ ಅಂತ ಇಟ್ಟಿದ್ದೆ," ಎಂದಳು ಅವಳು. ಈಗ ಕಣ್ಣೀರನ್ನು ತಡೆಯುವ ಪ್ರಯತ್ನವನ್ನೂ ಬಿಟ್ಟಿದ್ದಳು. "ನೀವು ಬಾಗಿಲಿಂದಲೇ ಹೋದ್ರಿ. ನನ್ನ ಕಂಡ್ರೆ ಅಸಹ್ಯ ಆಯ್ತೇನೋ ಅಂದ್ಕೊಂಡೆ."

"ಅಸಹ್ಯ? ನಿಮ್ಮನ್ನ ಕಂಡ್ರೆ?" ಮೇಷ್ಟ್ರು ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಹೊದಿಕೆಯನ್ನು ಮುಖಕ್ಕೆ ಒತ್ತಿಕೊಂಡರು. ಅವರ ಭುಜ ಅಲುಗುತ್ತಿತ್ತು.

ಅವಳು ಪಕ್ಕದ ಪೆಟ್ಟಿಗೆಯ ಮೇಲೆ ಕೂತು ಕಾದಳು. ಕೆಳಗಿನ ಅಂಗಡಿಯಲ್ಲಿ ಯಾವುದೋ ಗಡಿಯಾರ ಹೊತ್ತಲ್ಲದ ಹೊತ್ತಿನಲ್ಲಿ ಏಳು ಹೊಡೆಯಿತು.

"ಹನ್ನೊಂದು ಪ್ರತಿ ಬಂದಿವೆ," ಎಂದಳು ಕೊನೆಗೆ. "ಒಂದು ಸಲ ಒತ್ತಿ ಕಾಯಿರಿ ಅಂತ ಗೋಡೆ ಮೇಲೆ ಅಷ್ಟು ದೊಡ್ಡದಾಗಿ ಬರೆದಿದ್ದೀನಿ."

"ಒತ್ತಿದೆ, ಆಚೆ ಸದ್ದೇ ಬರಲಿಲ್ಲ. ಮತ್ತೆ ಒತ್ತಿದೆ..." ಅವರು ಒದ್ದೆ ಮುಖದಲ್ಲೇ ನಕ್ಕರು. "ನಾನು ದಡ್ಡ ವಿದ್ಯಾರ್ಥಿ, ಒಪ್ತೀನಿ. ಆದ್ರೆ, ಗೊತ್ತಾಗದಿದ್ದರೆ ಕೇಳಿ, ನಾಚಿಕೆ ಬೇಡ ಅಂತ ಬರೆದೋರು ಯಾರು? ಮೂರು ವಾರದಲ್ಲಿ ಒಂದು ಸಲ, ಯಾಕೆ ಬರಲಿಲ್ಲ ಅಂತ ಕೇಳಿದ್ರೆ ಆಗ್ತಿತ್ತಲ್ಲ ಮೇಡಂ."

ಅವಳು ತಲೆ ತಗ್ಗಿಸಿದಳು. ಇಪ್ಪತ್ತೈದು ವರ್ಷದ ಬಿಗುಮಾನ ಅಡ್ಡ ಬಂತು. ಅದನ್ನು ನುಂಗಿಕೊಂಡಳು.

"ಈಗ ಕೇಳ್ತೀನಿ... ಹೋಗಲೇಬೇಕಾ?"

"ಇರಿ ಅಂತ ಹೇಳೋರು ಯಾರೂ ಇರ್ಲಿಲ್ಲ."

"ನಾನು ಹೇಳ್ತಿದ್ದೀನಿ. ಇರಿ. ಆ ಉಳಿದ ನಾಲ್ಕು ದಿನ... ನನಗೂ ಬೇಕು."

ಮೇಷ್ಟ್ರು ಬಾಗಿ, ಆಗಷ್ಟೇ ಬಿಗಿದಿದ್ದ ಹಗ್ಗದ ಗಂಟನ್ನು ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. ಅವಳು ಹಗ್ಗದ ಇನ್ನೊಂದು ತುದಿ ಹಿಡಿದಳು.

"ಗಾಡಿಯವನಿಗೆ ಫೋನ್ ಮಾಡ್ತೀನಿ. ಅಕ್ಕನಿಗೂ ಹೇಳ್ಬೇಕು. ಬಯ್ತಾಳೆ, ಆಮೇಲೆ ಖುಷಿ ಪಡ್ತಾಳೆ."

ಅವಳು ಕಣ್ಣೊರೆಸಿಕೊಂಡು ಎದ್ದಳು. ಹೊರಡುವ ಮೊದಲು ಕೇಳದೆ ಇರಲಾಗಲಿಲ್ಲ. ಕೇಳುವಾಗ ಎದೆಯೊಳಗೆ ಅದೇ ಹಳೆಯ ಕಿಟಕಿ, ಅದೇ ಕತ್ತಲು.

"ಸೋಮವಾರ... ಬರ್ತೀರಿ ತಾನೇ?"

ಮೇಷ್ಟ್ರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. ನೀಲಿ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ, ಕಂಕುಳಲ್ಲಿಟ್ಟುಕೊಂಡರು.

"ಸೋಮವಾರ ಯಾಕೆ ಮೇಡಂ? ಇವತ್ತು ಬುಧವಾರ, ಕ್ಲಾಸ್ ಇದೆಯಲ್ಲ. ಈಗಲೇ ನಿಮ್ಮ ಜೊತೆ ಬರ್ತೀನಿ."

"ನಿಮ್ಮ ಜಾಗದಲ್ಲಿ ಬೇರೆಯವರು ಕೂತಿದ್ದಾರೆ."

"ಪರವಾಗಿಲ್ಲ. ನಿಮ್ಮ ಪಕ್ಕ ಒಂದು ಸ್ಟೂಲ್ ಹಾಕಿ, ಸಾಕು."